ಗಾರ್ಮೆಂಟ್ಸ್‌ನಲ್ಲಿ ಸೆಕೆ ಏರಿದರೆ ಪೀಸ್ ಕಡಿಮೆ ಬೀಳುವುದು ಯಾಕೆ?

ಮೈಯನ್ನು ತಂಪಾಗಿಟ್ಟುಕೊಳ್ಳುವುದಕ್ಕೇ ಶಕ್ತಿ ಖರ್ಚಾಗುತ್ತದೆ, ಅದಕ್ಕೆ. ಸೂಪರ್‌ವೈಸರ್ ಅಂದುಕೊಳ್ಳುವ ಹಾಗೆ ಸೋಮಾರಿತನ ಅಲ್ಲ.

ಸೆಕೆಯಲ್ಲಿ ಹೃದಯ ಜಾಸ್ತಿ ರಕ್ತವನ್ನು ಚರ್ಮದ ಕಡೆ ಕಳಿಸುತ್ತದೆ. ಬೆವರು ಬರುತ್ತದೆ, ಅದು ಆರಿದರೆ ಮೈ ತಣ್ಣಗಾಗುತ್ತದೆ. ಆದರೆ ಇಸ್ತ್ರಿ ಮಾಡುವ ಕಡೆಯಿಂದ ಬರುವ ಹಬೆ ಗಾಳಿಯಲ್ಲಿ ತುಂಬಿದ್ದರೆ ಬೆವರು ಸರಿಯಾಗಿ ಆರುವುದಿಲ್ಲ, ಸುಮ್ನೆ ಸುರಿಯುತ್ತದೆ. ಸುಸ್ತು ಬೇಗ ಬರುತ್ತದೆ, ಗಮನ ತಪ್ಪುತ್ತದೆ, ಕಾಲರ್ ಸೊಟ್ಟಗಾಗಿ ಹೊಲಿಗೆ ಬಿಚ್ಚಬೇಕಾಗುತ್ತದೆ. ಟಾಯ್ಲೆಟ್‌ಗೆ ಬಿಡುವುದಿಲ್ಲ ಅಂತ ನೀರೇ ಕುಡಿಯದೆ ಕೂರುವವರ ಪಾಡು ಇನ್ನೂ ಕಷ್ಟ.

ಬೆಂಗಳೂರು ಸುತ್ತಮುತ್ತಲಿನ ಗಾರ್ಮೆಂಟ್ಸ್‌ಗಳಲ್ಲೇ ಅರ್ಥಶಾಸ್ತ್ರಜ್ಞರು ಇದನ್ನು ಅಳೆದಿದ್ದಾರೆ. ಅವರ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಕಾರ್ಖಾನೆಗಳು ಕರೆಂಟ್ ಉಳಿಸಲು ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ್ದವು. ಎಲ್‌ಇಡಿ ಕಡಿಮೆ ಬಿಸಿ ಬಿಡುತ್ತದೆ. ನೂರಾರು ದೀಪ ಉರಿಯುವ ಹಾಲ್‌ನಲ್ಲಿ ಅದು ಸಣ್ಣ ವ್ಯತ್ಯಾಸ ಅಲ್ಲ. ಸೆಕೆ ಜೋರಾದ ದಿನಗಳಲ್ಲಿ ಕುಸಿಯುತ್ತಿದ್ದ ಉತ್ಪಾದನೆ ಬಹುಪಾಲು ಸುಧಾರಿಸಿತು. ಆ ಲಾಭ ಸೇರಿಸಿದಾಗ, ದೀಪಕ್ಕೆ ಹಾಕಿದ ದುಡ್ಡು ಬರೀ ಕರೆಂಟ್ ಬಿಲ್ ನೋಡಿ ಅಂದುಕೊಂಡದ್ದಕ್ಕಿಂತ ಬೇಗ ವಾಪಸ್ ಬಂತು.