ಶಿವಮೊಗ್ಗದಂಥ ಊರಿನಲ್ಲಿ ‘ಆರ್ಗನೈಸ್ಡ್ ಪ್ಲೇ’ ನಡೆಸಬಹುದೇ? ಅದರ ವ್ಯವಸ್ಥೆ ಹೇಗಿರುತ್ತದೆ?

ಬೆಂಗಳೂರಿನಲ್ಲಿ ಒಂದೆರಡು ಬಾರಿ ಅಡ್ವೆಂಚರರ್ಸ್ ಲೀಗ್ ಆಟಕ್ಕೆ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಟದ ಸಂಘಟಿತ ರೂಪಕ್ಕೆ, ಕುಳಿತಿದ್ದೀರಿ, ಈಗ ಕೆಲಸಕ್ಕಾಗಿ ಶಿವಮೊಗ್ಗಕ್ಕೆ ಬಂದಿದ್ದೀರಿ. ಈ ಆರ್ಗನೈಸ್ಡ್ ಪ್ಲೇ ನಿಜವಾಗಿ ಹೇಗೆ ನಡೆಯುತ್ತದೆ, ಮನೆಯಲ್ಲಿ ಗೆಳೆಯರೊಂದಿಗೆ ಆಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ, ಇಂಥ ಊರಿನಲ್ಲಿ ಅದನ್ನು ಶುರು ಮಾಡುವುದರಲ್ಲಿ ಅರ್ಥವಿದೆಯೇ ಎಂದು ಕೇಳಿದ್ದೀರಿ. ಅರ್ಥವಿದೆ. ಬೆಂಗಳೂರಿಗಿಂತ ನಮ್ಮಂಥ ಊರಿಗೇ ಅದು ಹೆಚ್ಚು ಬೇಕು ಎನ್ನುವವನು ನಾನು. ಇಲ್ಲಿ ಭಾನುವಾರಗಳಂದು ಅದೇ ಬಗೆಯ ಪಾತ್‌ಫೈಂಡರ್ ಎಂಬ ಇನ್ನೊಂದು ಆಟ ನಡೆಸುತ್ತೇನೆ, ಆದ್ದರಿಂದ ನನ್ನ ಮಾತು ಆ ಕಡೆಗೆ ಸ್ವಲ್ಪ ವಾಲಿದ್ದರೆ ಆಶ್ಚರ್ಯಪಡಬೇಡಿ.

ಮನೆಯ ಆಟದಲ್ಲಿ ನಿಮ್ಮ ಪಾತ್ರ, ಕಥೆ ಹೇಳುತ್ತ ಆಟ ನಡೆಸುವ ಒಬ್ಬ ಗೇಮ್ ಮಾಸ್ಟರ್‌ನ ಲೋಕಕ್ಕೆ ಸೇರಿದ್ದು. ಅವನು ಆಟ ನಿಲ್ಲಿಸಿದರೆ ಪಾತ್ರವೂ ಅಲ್ಲಿಗೇ ನಿಂತಿತು. ಆರ್ಗನೈಸ್ಡ್ ಪ್ಲೇಯಲ್ಲಿ ಪಾತ್ರ ನಿಮ್ಮದು. ಇಂದು ಶಿವಮೊಗ್ಗದಲ್ಲಿ ಆಡಿ, ಮುಂದಿನ ತಿಂಗಳು ಬೇರೆ ಊರಿನಲ್ಲಿ ಗುರುತೇ ಇಲ್ಲದ ಜನರ ನಡುವೆ ಅದೇ ಪಾತ್ರವನ್ನು ಮುಂದುವರಿಸಬಹುದು. ಉಳಿದ ಎಲ್ಲ ಕಟ್ಟುಪಾಡುಗಳೂ ಇದೊಂದರಿಂದಲೇ ಹುಟ್ಟಿದವು. ನಿಮ್ಮ ಪಾತ್ರದ ಬಳಿ ಇರುವ ಮಾಯಾ ಖಡ್ಗ ನ್ಯಾಯವಾಗಿ ಗಳಿಸಿದ್ದೇ ಎಂದು ಆ ಪರ ಊರಿನ ಮಾಸ್ಟರ್ ನಂಬಬೇಕಲ್ಲ! ಅದಕ್ಕೇ ಪಾತ್ರದ ಸಾಮರ್ಥ್ಯಗಳನ್ನು ದಾಳ ಹಾಕಿ ನಿರ್ಧರಿಸುವಂತಿಲ್ಲ; ಎಲ್ಲರಿಗೂ ಒಂದೇ ಲೆಕ್ಕ. ಎಷ್ಟು ಚಿನ್ನ, ಎಷ್ಟು ಅನುಭವ ಅಂಕ ಎಂಬುದು ಮೊದಲೇ ನಿಗದಿ. ಆಡುವ ಸಾಹಸವೂ, ಅಂದರೆ ಅಂದಿನ ಕಥೆಯೂ, ಪ್ರಕಟವಾದದ್ದೇ ಆಗಿರಬೇಕು, ಸಾಮಾನ್ಯವಾಗಿ ನಾಲ್ಕೈದು ಗಂಟೆಗಳಲ್ಲಿ ಮುಗಿಯುವಂಥದ್ದು.

ಇದೇನೂ ಹೊಸ ಯೋಚನೆಯಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದದ್ದು 1974ರಲ್ಲಿ. ಅದನ್ನು ಪ್ರಕಟಿಸಿದ ಟಿಎಸ್ಆರ್ ಸಂಸ್ಥೆ 1980ರಲ್ಲಿ ಆರ್‌ಪಿಜಿಎ ಎಂಬ ಆಟಗಾರರ ಸಂಘವನ್ನು ಕಟ್ಟಿತು. ನನಗೆ ತುಂಬಾ ಹಿಡಿಸುವುದು 2000ದಿಂದ 2008ರವರೆಗೆ ನಡೆದ ಲಿವಿಂಗ್ ಗ್ರೇಹಾಕ್ ಎಂಬ ಸಂಘಟಿತ ಆಟ. ಅದರಲ್ಲಿ ನಿಜ ಪ್ರಪಂಚದ ದೇಶ, ಪ್ರಾಂತ್ಯಗಳನ್ನು ಕಥೆಯೊಳಗಿನ ಒಂದೊಂದು ರಾಜ್ಯಕ್ಕೆ ಜೋಡಿಸಿದ್ದರು. ಒಂದು ರಾಜ್ಯದ ಸಾಹಸ ಆಡಬೇಕೆಂದರೆ ಅದಕ್ಕೆ ಸೇರಿದ ಊರಿಗೇ ಹೋಗಬೇಕಿತ್ತು. ಇಂದು ಹೆಸರು ಕೇಳಿಬರುವುದು ಮುಖ್ಯವಾಗಿ ಎರಡು: 2008ರಲ್ಲಿ ಆರಂಭವಾದ ಪಾತ್‌ಫೈಂಡರ್ ಸೊಸೈಟಿ ಮತ್ತು 2014ರಲ್ಲಿ ಡಿ ಅಂಡ್ ಡಿಯ ಐದನೇ ಆವೃತ್ತಿಯ ಜೊತೆಗೆ ಬಂದ ಅಡ್ವೆಂಚರರ್ಸ್ ಲೀಗ್.

ಮಲೆನಾಡಿನವರಿಗೆ ಇದನ್ನು ವಿವರಿಸಲು ತಾಳಮದ್ದಲೆಗಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ. ಮಳೆಗಾಲದ ಕೂಟದಲ್ಲಿ ಸಾಗರದ ಕಡೆಯ ಅರ್ಥಧಾರಿಯೊಬ್ಬರು, ಹೊನ್ನಾವರದ ಕಡೆಯವರೊಬ್ಬರು ಯಾವ ಪೂರ್ವಾಭ್ಯಾಸವೂ ಇಲ್ಲದೆ ಎದುರುಬದುರು ಕೂರುತ್ತಾರೆ. ಪ್ರಸಂಗದ ಪದ್ಯ ನಿಗದಿ, ಮಾತು ಆಶು, ಲಗಾಮು ಭಾಗವತರ ಕೈಯಲ್ಲಿ. ಅಪರಿಚಿತರು ಒಟ್ಟಿಗೆ ಕುಳಿತು ಕಥೆ ಕಟ್ಟಲು ಇಷ್ಟು ಸಾಕು ಎಂಬುದು ನಮ್ಮ ಜನಕ್ಕೆ ಹೇಳಿಕೊಡಬೇಕಾದ ವಿಷಯವಲ್ಲ. ಹೋಲಿಕೆ ತಪ್ಪುವುದು ಎರಡು ಕಡೆ. ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಗೆ ಸಾಯಲೇಬೇಕು. ನಮ್ಮ ಆಟದಲ್ಲಿ ಇಪ್ಪತ್ತು ಮುಖದ ದಾಳ ಏನು ಹೇಳುತ್ತದೋ ಅದು. ಇನ್ನೊಂದು, ಇಂದು ಕರ್ಣನಾದವರು ನಾಳೆ ತೀರ್ಥಹಳ್ಳಿಯಲ್ಲಿ ಭೀಷ್ಮನಾಗಿ ಕೂರುವಾಗ ನಿನ್ನೆಯ ಗಾಯವನ್ನಾಗಲೀ ಗಳಿಕೆಯನ್ನಾಗಲೀ ಹೊತ್ತು ತರುವುದಿಲ್ಲ. ಆರ್ಗನೈಸ್ಡ್ ಪ್ಲೇಯ ತಲೆನೋವೂ ಸೊಗಸೂ ಇರುವುದು ಆ ಹೊರೆಯಲ್ಲೇ.

ಪಾತ್‌ಫೈಂಡರ್ ಸೊಸೈಟಿಯಲ್ಲಿ ಅದು ಹೀಗೆ ನಡೆಯುತ್ತದೆ. ಪ್ರಕಾಶಕರಾದ ಪೈಜೊ ಅವರ ಜಾಲತಾಣದಲ್ಲಿ ಉಚಿತವಾಗಿ ನೋಂದಾಯಿಸಿಕೊಂಡರೆ ನಿಮಗೊಂದು ಸಂಖ್ಯೆ ಸಿಗುತ್ತದೆ. ಈಗಿನ ಎರಡನೇ ಆವೃತ್ತಿಯಲ್ಲಿ ಅದರ ಮುಂದೆ ಒಂದು ಅಡ್ಡಗೆರೆ ಹಾಕಿ 2001 ಎಂದು ಬರೆದರೆ ಅದು ನಿಮ್ಮ ಮೊದಲ ಪಾತ್ರ, 2002 ಎರಡನೆಯದು. ಆಟ ಏರ್ಪಡಿಸುವವರು ಅಲ್ಲೇ ಒಂದು ಕಾರ್ಯಕ್ರಮ ಸಂಖ್ಯೆ ಪಡೆದುಕೊಂಡು, ಆಟ ಮುಗಿದ ಮೇಲೆ ಯಾರು ಯಾವ ಪಾತ್ರದೊಂದಿಗೆ ಆಡಿದರು ಎಂದು ವರದಿ ಸಲ್ಲಿಸುತ್ತಾರೆ. ಆಟಗಾರರಿಗೆ ಸಿಗುವುದು ಕ್ರಾನಿಕಲ್ ಹಾಳೆ: ಅಂದಿನ ಗಳಿಕೆ, ಖರ್ಚು, ಕಥೆಯಲ್ಲಿ ಯಾರ ಸ್ನೇಹ ಸಂಪಾದಿಸಿದಿರಿ ಎಂಬುದೆಲ್ಲ ಅದರಲ್ಲಿರುತ್ತದೆ. ಒಂದು ಸಾಹಸಕ್ಕೆ ಸಾಮಾನ್ಯವಾಗಿ 4 ಅನುಭವ ಅಂಕ, 12 ಆದರೆ ಮುಂದಿನ ಲೆವೆಲ್. ಅಂದರೆ ಮೂರು ಭಾನುವಾರಕ್ಕೊಂದು ಲೆವೆಲ್, ಸರ್ಕಾರಿ ನೌಕರಿಯ ಬಡ್ತಿಗಿಂತ ಎಷ್ಟೋ ವಾಸಿ! ಆಟ ನಡೆಸಿದ ಮಾಸ್ಟರ್‌ಗೂ ತನ್ನ ಒಂದು ಪಾತ್ರಕ್ಕೆ ಅದೇ ಲಾಭ ಸಿಗುತ್ತದೆ. ಮಾಸ್ಟರ್ ಆಗಲು ಯಾರೂ ಮುಂದೆ ಬರದ ಊರಿನಲ್ಲಿ ಇದು ಸಣ್ಣ ಆಮಿಷವಲ್ಲ.

ಕಥೆಯನ್ನೂ ಈ ವ್ಯವಸ್ಥೆಗೆ ತಕ್ಕಂತೆ ಹೊಲಿದಿದ್ದಾರೆ. ಎಲ್ಲ ಪಾತ್ರಗಳೂ ಅಬ್ಸಲೋಮ್ ಎಂಬ ನಗರದಲ್ಲಿ ನೆಲೆಯಿರುವ ಪಾತ್‌ಫೈಂಡರ್ ಸೊಸೈಟಿಯ ಸದಸ್ಯರು. ಅನ್ವೇಷಿಸು, ವರದಿ ಮಾಡು, ಸಹಕರಿಸು, ಇವು ಮೂರು ಅವರ ಕರ್ತವ್ಯ. ಹಾಗಾಗಿ ನಾಲ್ವರು ಅಪರಿಚಿತರು ಏಕೆ ಒಟ್ಟಿಗೆ ಹೊರಟರು ಎಂದು ಅರ್ಧ ಗಂಟೆ ಹೆಣಗಬೇಕಾಗಿಲ್ಲ. ಮೇಲಿನವರು ಕಳುಹಿಸಿದರು, ಹೊರಟರು. ಪಕ್ಕದವರ ಪಾತ್ರಕ್ಕೆ ಚೂರಿ ಹಾಕುವಂತಿಲ್ಲ, ದುಷ್ಟ ಪಾತ್ರಕ್ಕೂ ಅವಕಾಶವಿಲ್ಲ. ‘ನನ್ನ ಪಾತ್ರ ಇರುವುದೇ ಹಾಗೆ’ ಎಂದು ಎಲ್ಲರ ಸಂಜೆಯನ್ನೂ ಕೆಡಿಸುವ ಆಟಗಾರನನ್ನು ನೀವು ನೋಡಿದ್ದರೆ ಈ ನಿಯಮದ ಬೆಲೆ ತಿಳಿದಿರುತ್ತದೆ.

ಅಡ್ವೆಂಚರರ್ಸ್ ಲೀಗ್ ಇಷ್ಟು ಬಿಗಿಯಲ್ಲ. ಅಲ್ಲಿ ಈಗ ಕೇಂದ್ರಕ್ಕೆ ವರದಿ ಸಲ್ಲಿಸುವ ಪದ್ಧತಿಯಿಲ್ಲ. ನಿಮ್ಮ ಲೆಕ್ಕವನ್ನು ನೀವೇ ಬರೆದಿಟ್ಟುಕೊಳ್ಳಬೇಕು, ಕೇಳಿದಾಗ ತೋರಿಸಬೇಕು. ನಿಮ್ಮ ಬೆಂಗಳೂರಿನ ದಾಖಲೆ ಇಲ್ಲಿಯೂ ಲೀಗ್ ಆಟಕ್ಕೆ ನಡೆಯುತ್ತದೆ, ಪಾತ್‌ಫೈಂಡರ್‌ಗೆ ನಡೆಯುವುದಿಲ್ಲ. ಸಾಹಸಗಳನ್ನು 1ರಿಂದ 4, 5ರಿಂದ 10, 11ರಿಂದ 16, 17ರಿಂದ 20 ಎಂದು ಲೆವೆಲ್‌ಗಳ ನಾಲ್ಕು ಶ್ರೇಣಿಗಳಾಗಿ ವಿಂಗಡಿಸಿದ್ದಾರೆ. ನಿಯಮ ಪುಸ್ತಿಕೆ ಆಗಾಗ ಬದಲಾಗುವುದರಿಂದ ಆಡುವ ಮೊದಲು ಇತ್ತೀಚಿನದನ್ನು ಓದಿಕೊಳ್ಳಿ.

ಆರ್ಗನೈಸ್ಡ್ ಪ್ಲೇ ವಿರುದ್ಧ ಕೇಳಿಬರುವ ದೊಡ್ಡ ದೂರು ಮಾಸ್ಟರ್‌ನ ಕೈ ಕಟ್ಟಿಹಾಕುತ್ತಾರೆ ಎಂಬುದು. ದೂರು ಸುಳ್ಳಲ್ಲ. ಪಾತ್‌ಫೈಂಡರ್ ಸೊಸೈಟಿಯಲ್ಲಿ, ಪುಸ್ತಕದಲ್ಲಿ ಎರಡು ರಾಕ್ಷಸರಿದ್ದರೆ ನೀವು ಮೂರು ಮಾಡುವಂತಿಲ್ಲ, ಬಹುಮಾನ ಹೆಚ್ಚಿಸುವಂತಿಲ್ಲ. ಕಾಡಿನಲ್ಲಿ ತೋಳವಿದೆ ಎಂದಿದ್ದರೆ, ಆಗುಂಬೆಯ ಮಳೆಯಲ್ಲಿ ಕುಳಿತು ಅದರ ಬದಲು ಕಾಳಿಂಗ ಸರ್ಪವನ್ನು ಬಿಡೋಣ ಎಂದು ಎಷ್ಟು ಆಸೆಯಾದರೂ ಬಿಡುವಂತಿಲ್ಲ. ಆದರೆ ಪಾತ್ರಗಳ ದನಿ, ಸಂಭಾಷಣೆ, ಆಟಗಾರರು ಹೂಡುವ ಅನಿರೀಕ್ಷಿತ ಉಪಾಯಕ್ಕೆ ಮನ್ನಣೆ, ಇವೆಲ್ಲ ನಿಮ್ಮವೇ. ನಮ್ಮಲ್ಲಿ ಆಟದುದ್ದಕ್ಕೂ ಕನ್ನಡದಲ್ಲೇ ಮಾತನಾಡುತ್ತೇವೆ, ನಿಯಮದ ಪದಗಳು ಮಾತ್ರ ಇಂಗ್ಲಿಷಿನವು. ಸ್ವಂತ ಲೋಕ ಕಟ್ಟುವ ಹಂಬಲವಿರುವವರು ಮನೆಯಲ್ಲೇ ಆಡುವುದು ಒಳ್ಳೆಯದು. ಇಲ್ಲಿ ಬಂದು ಗೊಣಗುವುದು ಬೇಡ.

ಈಗ ಶಿವಮೊಗ್ಗದ ಮಾತು. ಇಲ್ಲಿ ಆಟ ಒಡೆಯುವುದು ಜಗಳದಿಂದಲ್ಲ, ವರ್ಗಾವಣೆಯಿಂದ ಮತ್ತು ಅಡಿಕೆಯಿಂದ. ಎಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರು ಬೆಂಗಳೂರಿನ ರೈಲು ಹತ್ತುತ್ತಾರೆ. ಕೊನೆ ಕೊಯ್ಲು ಶುರುವಾಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆಯವರು ತಿಂಗಳುಗಟ್ಟಲೆ ಕಾಣುವುದಿಲ್ಲ. ಒಂದೇ ಕಥೆಯನ್ನು ವರ್ಷವಿಡೀ ಎಳೆಯುವ ಮನೆಯ ಆಟ ಇದನ್ನು ತಾಳಿಕೊಳ್ಳುವುದು ಕಷ್ಟ. ಒಂದೇ ದಿನಕ್ಕೆ ಮುಗಿಯುವ ಸಾಹಸವಾದರೆ ಬಂದವರು ಆಡುತ್ತಾರೆ, ಬಾರದವರ ಪಾತ್ರ ಅವರ ಹಾಳೆಯಲ್ಲಿ ಕ್ಷೇಮವಾಗಿರುತ್ತದೆ. ಬೆಂಗಳೂರಿಗೆ ಹೋದವರು ಅಲ್ಲೇ ಮುಂದುವರಿಸಿ, ಹಬ್ಬಕ್ಕೆ ಬಂದಾಗ ಎರಡು ಲೆವೆಲ್ ಮೇಲಿರುತ್ತಾರೆ. ಅದರಿಂದ ಇಲ್ಲಿರುವವರಿಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ, ಆಗಲಿ. ಲೆವೆಲ್ ಅಂತರ ತೀರಾ ಹೆಚ್ಚಾದರೆ ಅವರು ಹೊಸ ಪಾತ್ರವನ್ನೋ, ಪ್ರಕಾಶಕರೇ ಸಿದ್ಧಪಡಿಸಿ ಕೊಟ್ಟ ಪಾತ್ರವನ್ನೋ ಹಿಡಿದು ಕೂರಬಹುದು.

ಶುರು ಮಾಡಲು ನಾಲ್ಕು ಜನ ಆಟಗಾರರು ಮತ್ತು ಒಬ್ಬ ಮಾಸ್ಟರ್ ಇದ್ದರೆ ಚೆನ್ನ. ಆರಕ್ಕಿಂತ ಹೆಚ್ಚು ಆಟಗಾರರನ್ನು ಸೇರಿಸಬೇಡಿ. ಹೋಟೆಲಿನ ಮೂಲೆ ಬೇಡ, ನಾಲ್ಕು ಗಂಟೆ ಕುಳಿತು ಎರಡು ಕಾಫಿ ಕುಡಿದರೆ ಮಾಲೀಕರ ಮುಖ ನೋಡಲಾಗುವುದಿಲ್ಲ. ಯಾರದಾದರೂ ಮನೆಯ ಮಹಡಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿದ್ಯುತ್ತನ್ನೂ ನೆಟ್‌ವರ್ಕನ್ನೂ ನಂಬುವಂತಿಲ್ಲ, ಸಾಹಸದ ಪುಟಗಳನ್ನೂ ಪಾತ್ರದ ಹಾಳೆಗಳನ್ನೂ ಮೊದಲೇ ಮುದ್ರಿಸಿಕೊಳ್ಳಿ. ವರದಿಯನ್ನು ಮರುದಿನ ಸಲ್ಲಿಸಿದರೂ ನಡೆಯುತ್ತದೆ. ಖರ್ಚಿನ ಬಗ್ಗೆ ಹೇಳುವುದಾದರೆ, ಪಾತ್‌ಫೈಂಡರ್‌ನ ನಿಯಮಗಳು ಆರ್ಕೈವ್ಸ್ ಆಫ್ ನೆಥಿಸ್ ಎಂಬ ತಾಣದಲ್ಲಿ ಉಚಿತವಾಗಿವೆ, ಡಿ ಅಂಡ್ ಡಿಯ ಮೂಲ ನಿಯಮಗಳೂ ಉಚಿತವಾಗಿ ಸಿಗುತ್ತವೆ. ಹಣ ಕೊಡಬೇಕಾದದ್ದು ಮಾಸ್ಟರ್ ಕೊಳ್ಳುವ ಸಾಹಸದ ಪಿಡಿಎಫ್‌ಗೆ ಮತ್ತು ದಾಳಗಳಿಗೆ. ಪಿಡಿಎಫ್‌ನ ಬೆಲೆಯನ್ನು ಕುಳಿತವರೆಲ್ಲ ಹಂಚಿಕೊಳ್ಳುವುದು ನಮ್ಮಲ್ಲಿ ರೂಢಿ, ಮಾಸ್ಟರ್ ಪಾಲು ಬಿಟ್ಟು.