ಜನವರಿಯಲ್ಲಿ ಆಫೀಸ್ ಕೆಲಸಕ್ಕೆ ಗುರುಗ್ರಾಮಕ್ಕೆ ಹೋಗುತ್ತಿದ್ದೇನೆ. ಮೀಟಿಂಗ್ ಮಧ್ಯಾಹ್ನ. ಬೆಳಿಗ್ಗೆ ಬೇಗ ಹೊರಟು ತಾಜ್ ಮಹಲ್ ನೋಡಿ ಬರಬಹುದಾ? ರಾತ್ರಿ ಊಟಕ್ಕೆ ಯಾವ ರೆಸ್ಟೋರೆಂಟ್ ಒಳ್ಳೆಯದು?

ಬೇಡ. ನಿಮ್ಮ ಪ್ರಶ್ನೆಯ ಆ 'ಬೇಗ ಹೊರಟು' ಅನ್ನುವ ಎರಡು ಮಾತು ಓದಿಯೇ ಇದನ್ನು ಬರೆಯಲು ಕೂತೆ.

ನಾನು ಆಗ ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಸೇಲ್ಸ್ ನೋಡಿಕೊಳ್ಳುತ್ತಿದ್ದೆ. ಗಾಡಿಗಳ ಬಿಡಿಭಾಗ ಅಳೆಯುವ ಗೇಜ್ ಮಾಡುವ ಕಂಪನಿ. ನಮ್ಮ ದೊಡ್ಡ ಗಿರಾಕಿ ಇದ್ದಿದ್ದು ಮಾನೇಸರ್‌ನಲ್ಲಿ, ಗುರುಗ್ರಾಮ ದಾಟಿ ಜೈಪುರದ ದಾರಿಯಲ್ಲಿ. ವರ್ಷದ ರೇಟ್ ಮಾತುಕತೆ ಜನವರಿ ಮೊದಲ ವಾರ, ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆ ಪೂರ್ತಿ ಖಾಲಿ. ಮನೆಯಲ್ಲಿ ಬೇರೆ 'ಅಷ್ಟು ದೂರ ಹೋಗಿ ತಾಜ್ ನೋಡದೆ ಬರ್ತೀರಾ?' ಅಂದಿದ್ದಳು.

ಹಿಂದಿನ ರಾತ್ರಿ ಹೋಟೆಲ್ ರೂಮಿನಲ್ಲಿ ಮ್ಯಾಪ್ ತೆಗೆದೆ. ಆಗ್ರಾಕ್ಕೆ ಮೂರೂವರೆ ಗಂಟೆ ಅಂತ ತೋರಿಸಿತು. ನಾಲ್ಕೂವರೆಗೆ ಹೊರಟರೆ ಎಂಟಕ್ಕೆ ಅಲ್ಲಿ. ಹತ್ತಕ್ಕೆ ವಾಪಸ್ ಹೊರಟರೆ ಎರಡಕ್ಕೆ ಮಾನೇಸರ್. ಕಾರಿನ ಡ್ರೈವರ್‌ಗೆ ಫೋನ್ ಮಾಡಿದಾಗ ಅವನು 'ಒಂಬತ್ತಕ್ಕೆ ಹೊರಡೋಣ ಸರ್, ಇಲ್ಲ ಅಂದ್ರೆ ಬೇಡವೇ ಬೇಡ' ಎಂದು ಹಿಂದಿಯಲ್ಲಿ ಹೇಳಿದ. ಬೆಳಿಗ್ಗೆ ಏಳಲು ಸೋಮಾರಿತನ ಅಂದುಕೊಂಡೆ. ಬಾಡಿಗೆ ಸ್ವಲ್ಪ ಜಾಸ್ತಿ ಕೊಡುತ್ತೇನೆ ಅಂತ ಒಪ್ಪಿಸಿದೆ.

ಎಡವಿದ್ದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಬೆಂಗಳೂರಿನವರಿಗೆ ರಸ್ತೆಯ ವಿಷಯದಲ್ಲಿ ಗೊತ್ತಿರುವುದು ಒಂದೇ ಉಪಾಯ: ಬೇಗ ಹೊರಡು, ಟ್ರಾಫಿಕ್ ತಪ್ಪಿಸು. ನಂದಿ ಬೆಟ್ಟಕ್ಕೆ, ಮೈಸೂರಿಗೆ, ಏರ್‌ಪೋರ್ಟಿಗೆ ಅದೇ ಸೂತ್ರ. ಉತ್ತರದ ಚಳಿಗಾಲದಲ್ಲಿ ಅದು ಪೂರ್ತಿ ಉಲ್ಟಾ. ರಾತ್ರಿ ಆಕಾಶ ಶುಭ್ರವಾಗಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ಕೆಳಗೆ ನೀರು ಹಾಯಿಸಿದ ಗೋಧಿ ಹೊಲಗಳ ತೇವ. ಗಾಳಿ ಅಲ್ಲಾಡುವುದಿಲ್ಲ. ನಡುರಾತ್ರಿ ದಾಟಿದ ಮೇಲೆ ಕೂಡಲು ಶುರುವಾಗುವ ಮಂಜು ಬೆಳಗಿನ ಜಾವಕ್ಕೆ ಅತಿ ದಟ್ಟವಾಗುತ್ತದೆ. ಅದು ಕರಗಬೇಕಾದರೆ ಬಿಸಿಲು ಏರಬೇಕು. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಏಳೂಕಾಲಿಗೆ. ಅಂದರೆ ನಾಲ್ಕೂವರೆಗೆ ಹೊರಡುವವನು ಮಂಜು ತಪ್ಪಿಸುತ್ತಿಲ್ಲ, ಹುಡುಕಿಕೊಂಡು ಅದರೊಳಗೇ ಹೋಗುತ್ತಿದ್ದಾನೆ. ಇನ್ನು ನಾನು ಮ್ಯಾಪ್ ನೋಡಿದ್ದು ರಾತ್ರಿ ಹತ್ತಕ್ಕೆ. ಆ ಮೂರೂವರೆ ಗಂಟೆ ರಾತ್ರಿ ಹತ್ತರ ರಸ್ತೆಯದು. ಡ್ರೈವರ್‌ಗೆ ಇದೆಲ್ಲ ಗೊತ್ತಿತ್ತು. ಬಾಡಿಗೆ ಜಾಸ್ತಿ ಸಿಗುತ್ತದೆ ಅಂದಮೇಲೆ ಅವನು ಯಾಕೆ ವಾದ ಮಾಡುತ್ತಾನೆ ಹೇಳಿ?

ಯಮುನಾ ಎಕ್ಸ್‌ಪ್ರೆಸ್‌ವೇ ಗ್ರೇಟರ್ ನೋಯ್ಡಾದಿಂದ ಆಗ್ರಾದವರೆಗೆ 165 ಕಿಲೋಮೀಟರ್. 2012ರಲ್ಲಿ ತೆರೆದಿದ್ದು. ಅಗಲ, ನೇರ, ಹಗಲಲ್ಲಿ ಸೊಗಸಾದ ರಸ್ತೆ. ಆದರೆ ಮಂಜಿನಲ್ಲಿ ಒಂದರ ಹಿಂದೆ ಒಂದು ಗಾಡಿ ಗುದ್ದಿಕೊಳ್ಳುವ ಸುದ್ದಿ ಬರುವುದೂ ಇದೇ ರಸ್ತೆಯಿಂದ. ಅದಕ್ಕೇ ಚಳಿಗಾಲದಲ್ಲಿ ವೇಗದ ಮಿತಿ ಇಳಿಸುತ್ತಾರೆ. ನಮಗೆ ಆ ಮಿತಿಯ ಹತ್ತಿರ ಹೋಗುವ ಭಾಗ್ಯವೂ ಇರಲಿಲ್ಲ. ಮುಂದಿನ ಲಾರಿಯ ಎರಡು ಕೆಂಪು ದೀಪ ಬಿಟ್ಟರೆ ಏನೂ ಕಾಣದು. ಡ್ರೈವರ್ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ ಬಿಳಿ ಗೆರೆ ನೋಡಿಕೊಂಡು ಓಡಿಸುತ್ತಿದ್ದ. ನಾನು ಹಿಂದೆ ಕೂತು ನನಗೆ ಗೊತ್ತಿರುವ ದೇವರನ್ನೆಲ್ಲ ಕರೆಯುತ್ತಿದ್ದೆ. ಜೇವರ್ ಟೋಲ್ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗಲೇ ತಿರುಗಿ ಹೋಗಬೇಕಿತ್ತು. ಇಷ್ಟು ದೂರ ಬಂದಾಯ್ತಲ್ಲ ಅನ್ನುವ ಹಟ.

ತಾಜ್ ಒಳಗೆ ಕಾಲಿಟ್ಟಾಗ ಹತ್ತೂವರೆ ದಾಟಿತ್ತು. ಕಾರು ಗೇಟಿನವರೆಗೆ ಹೋಗುವುದಿಲ್ಲ, ದೂರದಲ್ಲೇ ಇಳಿದು ಬ್ಯಾಟರಿ ಗಾಡಿ ಹತ್ತಬೇಕು. ಆಮೇಲೆ ತಪಾಸಣೆಯ ಸಾಲು. ದೊಡ್ಡ ದರವಾಜದಲ್ಲಿ ನಿಂತು ನೋಡಿದರೆ ಬಿಳಿ ಮಂಜಿನಲ್ಲಿ ಬಿಳಿ ಅಮೃತಶಿಲೆ, ಎಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ಕಾರಂಜಿ ತೊಟ್ಟಿ ಕಂಡಿತು. ಗುಮ್ಮಟದ ಒಂದು ಅಂಚು ಕಂಡ ಹಾಗಾಯಿತು. ಫೋಟೋದಲ್ಲಿ ನಾನು ಮಾತ್ರ ಇದ್ದೇನೆ.

ಮಾನೇಸರ್ ತಲುಪಿದಾಗ ಐದು ಹತ್ತಿರ. ಪರ್ಚೇಸ್ ಹೆಡ್ ಹೊರಟುಹೋಗಿದ್ದರು. ಫರೀದಾಬಾದಿನ ಇನ್ನೊಂದು ಕಂಪನಿಯವರು ಅದೇ ಮಧ್ಯಾಹ್ನ ಬಂದು ಕೂತು ಮಾತಾಡಿದ್ದರು. ಆ ವರ್ಷ ನಮ್ಮ ಆರ್ಡರ್ ಅರ್ಧಕ್ಕೆ ಇಳಿಯಿತು. ಬಾಸ್‌ಗೆ 'ಮಂಜಿನಿಂದ ಲೇಟಾಯ್ತು ಸರ್' ಅಂದೆ. ಸುಳ್ಳಲ್ಲ. ಯಾವ ಊರಿನ ಮಂಜು ಅಂತ ಹೇಳಲಿಲ್ಲ ಅಷ್ಟೆ.

ಆದ್ದರಿಂದ ಕೆಲಸದ ಟ್ರಿಪ್ಪಿನಲ್ಲಿ ದೆಹಲಿ ಮೆಟ್ರೋ ಹೋಗದ ಜಾಗ ನಿಮ್ಮ ಪಾಲಿಗೆ ಇಲ್ಲವೇ ಇಲ್ಲ ಅಂದುಕೊಳ್ಳಿ. ಗುರುಗ್ರಾಮದಿಂದ ಹಳದಿ ಲೈನ್ ಹತ್ತಿದರೆ ಎಲ್ಲೂ ಬದಲಾಯಿಸದೆ ಚಾಂದನಿ ಚೌಕ್‌ನಲ್ಲಿ ಇಳಿಯಬಹುದು, ಸುಮಾರು ಒಂದು ಗಂಟೆ. ಅದೇ ದಾರಿಯಲ್ಲಿ ಕುತುಬ್ ಮಿನಾರ್ ಸ್ಟೇಷನ್. ಅಲ್ಲಿಂದ ಮಿನಾರ್‌ಗೆ ಆಟೋ ಬೇಕು, ನಡೆಯಲು ಸ್ವಲ್ಪ ದೂರ. ಮಧ್ಯಾಹ್ನ ಎರಡರ ಬಿಸಿಲಿನಲ್ಲಿ 73 ಮೀಟರ್ ಎತ್ತರದ ಆ ಕೆಂಪು ಕಲ್ಲು ಏನು ಚೆಂದ! ಹುಮಾಯೂನ್ ಸಮಾಧಿಗೂ ಅದೇ ಹೊತ್ತು ಸರಿ. ಅವನ ಹೆಂಡತಿ ಬೇಗಾ ಬೇಗಂ ಕಟ್ಟಿಸಿದ್ದು, ತಾಜ್‌ಗಿಂತ ಅರವತ್ತು ವರ್ಷಕ್ಕೂ ಹೆಚ್ಚು ಹಳೆಯದು, ಜನವೂ ಕಡಿಮೆ. ನನ್ನನ್ನು ಕೇಳಿದರೆ ನಿಧಾನವಾಗಿ ನೋಡಲು ಅದೇ ಮೇಲು. ಆರರೊಳಗೆ ಸೂರ್ಯ ಮುಳುಗಿರುತ್ತಾನೆ, ನೆನಪಿರಲಿ. ಮೀಟಿಂಗ್ ಮಧ್ಯಾಹ್ನ ಅಂದಿರಿ. ಅದನ್ನು ಬೆಳಿಗ್ಗೆಗೆ ಹಾಕಿಸಿಕೊಳ್ಳಲು ಆಗುತ್ತಾ ಕೇಳಿ. ಕೆಲಸ ಮೊದಲು ಮುಗಿದರೆ ಬಿಸಿಲೂ ಸಿಗುತ್ತದೆ, ಮನಸ್ಸಿಗೂ ನಿರಾಳ.

ಇನ್ನು ಊಟ. ರಾತ್ರಿಗೆ ರೆಸ್ಟೋರೆಂಟ್ ಹುಡುಕುವುದನ್ನು ಬಿಡಿ. ದಾಲ್ ಮಖನಿ, ಬಟರ್ ಚಿಕನ್ ತಿನ್ನಲು ಇಂದಿರಾನಗರ ಸಾಕು. ಚಳಿಗಾಲದ ದೆಹಲಿಯ ರುಚಿ ಇರುವುದು ಹಗಲಿನಲ್ಲಿ, ಬೀದಿಯಲ್ಲಿ, ನಿಂತುಕೊಂಡು. ಚಾಂದನಿ ಚೌಕ್‌ನ ಕಿನಾರಿ ಬಜಾರ್ ಕಡೆ ದೌಲತ್ ಕೀ ಚಾಟ್ ಮಾರುತ್ತಾರೆ. ಹೆಸರು ಚಾಟ್, ಖಾರ ಹುಳಿ ಏನೂ ಇಲ್ಲ. ಹಾಲನ್ನು ಕಡೆದು ಎತ್ತಿದ ನೊರೆ, ಮೇಲೆ ಕೇಸರಿ, ಪಿಸ್ತಾ, ಖೋವಾ, ಪುಡಿ ಸಕ್ಕರೆ. ಬಾಯಲ್ಲಿಟ್ಟರೆ ಸಿಹಿ ಉಳಿಯುತ್ತದೆ, ತಿಂದದ್ದು ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಸೆಕೆಯಲ್ಲಿ ಆ ನೊರೆ ನಿಲ್ಲುವುದಿಲ್ಲ, ಅದಕ್ಕೇ ಚಳಿಗಾಲದಲ್ಲಿ ಮಾತ್ರ.

ಆಮೇಲೆ ಗಾಜರ್ ಹಲ್ವಾ. ನಮ್ಮ ಊಟಿ ಕ್ಯಾರೆಟ್ಟಿನದಲ್ಲ, ಅಲ್ಲಿ ಚಳಿಗೆ ಬರುವ ಕೆಂಪು ಗಾಜರಿನದು. ಕೆಂಡದಲ್ಲಿ ಸುಟ್ಟ ಗೆಣಸು ಕೂಡ ಬಿಡಬೇಡಿ. ನಾವು ಸಂಕ್ರಾಂತಿಗೆ ಬೇಯಿಸಿ ಸಿಹಿಯಾಗಿ ತಿನ್ನುತ್ತೇವೆ. ಅವರು ಹೆಚ್ಚಿ ಮಸಾಲೆ, ನಿಂಬೆ, ಧಾರೆಹುಳಿ ಹೋಳು ಹಾಕಿ ಕೊಡುತ್ತಾರೆ. ಮಧ್ಯಾಹ್ನದ ಊಟಕ್ಕೆ ಸಾಸಿವೆ ಸೊಪ್ಪಿನ ಸರ್ಸೋಂ ಕಾ ಸಾಗ್, ಮೆಕ್ಕೆಜೋಳದ ಮಕ್ಕಿ ರೊಟ್ಟಿ, ಜೊತೆಗೊಂದು ಚೂರು ಬೆಲ್ಲ. ಮಾಂಸ ತಿನ್ನುವವರಾದರೆ ಜಾಮಾ ಮಸೀದಿ ಪಕ್ಕದ ಕರೀಮ್ಸ್ ಇದೆ, 1913ರಿಂದ ನಡೆಯುತ್ತಿದೆ. ಎರಡು ದಿನ ಇಷ್ಟೆಲ್ಲ ತುಪ್ಪ ತಿಂದು ಅನ್ನ ಸಾರಿನ ನೆನಪಾದರೆ ಆಂಧ್ರ ಭವನದ ಕ್ಯಾಂಟೀನ್‌ಗೆ ಹೋಗಿ. ನಾಚಿಕೆ ಪಡಬೇಕಿಲ್ಲ, ನಾನೂ ಹೋಗಿದ್ದೆ.

ಚಾಂದನಿ ಚೌಕ್‌ನ ಮುಖ್ಯ ಬೀದಿಗೆ ಹಗಲು ಹೊತ್ತು ಕಾರು ಬಿಡುವುದಿಲ್ಲ, ನಡೆಯಿರಿ ಅಥವಾ ಸೈಕಲ್ ರಿಕ್ಷಾ ಹತ್ತಿ. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಸೋಮವಾರ ಕೆಂಪು ಕೋಟೆಗೆ ರಜೆ. ಬೆಂಗಳೂರಿನ ಜರ್ಕಿನ್ ಒಂದೇ ನಂಬಬೇಡಿ, ಒಳಗೆ ಥರ್ಮಲ್ ಹಾಕಿ, ಕಿವಿ ಮುಚ್ಚುವ ಟೋಪಿ ಇರಲಿ. ಎಷ್ಟೋ ಆಫೀಸುಗಳಲ್ಲಿ ಹೀಟರ್ ಇರುವುದಿಲ್ಲ, ಒಳಗೆ ಕೂತರೇ ಜಾಸ್ತಿ ಚಳಿ. ಹೊಗೆಗೆ ಒಂದು ಮಾಸ್ಕ್.

ವಾಪಸ್ ಬರಲು ಬೆಳಗಿನ ಫ್ಲೈಟ್ ಅಗ್ಗ ಅಂತ ಬುಕ್ ಮಾಡಬೇಡಿ. ಮಧ್ಯಾಹ್ನ ಎರಡರ ನಂತರದ್ದು ತೆಗೆದುಕೊಳ್ಳಿ. ನಿಮ್ಮ ತಾರೀಖು ಜನವರಿ 20ರ ಆಚೆಗಾದರೆ ಇನ್ನೊಂದು ಕಾಟ: ಗಣರಾಜ್ಯೋತ್ಸವದ ತಾಲೀಮಿಗೆ ನಡು ದೆಹಲಿಯ ರಸ್ತೆಗಳನ್ನು ಮುಚ್ಚುತ್ತಾರೆ, ಬೆಳಿಗ್ಗೆ ಕೆಲವು ಗಂಟೆ ವಿಮಾನಗಳನ್ನೂ ನಿಲ್ಲಿಸುತ್ತಾರೆ. ಟಿಕೆಟ್ ಮಾಡಿಸುವ ಮುಂಚೆ ಆಫೀಸಿನವರಿಗೆ ಹೇಳಿ ಮೀಟಿಂಗನ್ನೇ ಒಂದು ವಾರ ಹಿಂದೆ ಮುಂದೆ ಮಾಡಿಸಿ.