ಕಿವಿರಿನ ಹುಳ, ಕರುಳಿನ ಹುಳ

ಪ್ರಶ್ನೆ: ನಮ್ಮ ತೋಟದ ಕೆರೆಯ ಕಾಟ್ಲಾ ಮೀನಿನ ಕಿವಿರಿನಲ್ಲಿ ಬಿಳಿ ನೂಲಿನ ಚೂರಿನಂಥ ಹುಳಗಳಿವೆ. ಕರುಳಿನಲ್ಲಿ ಲಾಡಿಯಂಥದ್ದೂ ಸಿಕ್ಕಿತು. ಎರಡೂ ಒಂದೇನಾ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಅಲ್ಲ. ಎರಡೂ ಚಪ್ಪಟೆ ಹುಳಗಳೇ ಇರಬೇಕು, ಆದರೆ ವರ್ಗ ಬೇರೆ. ಕರುಳಿನದ್ದು ಲಾಡಿಹುಳ, ಅಂದರೆ ಸೆಸ್ಟೋಡ. ಅದಕ್ಕೆ ಬಾಯಿಯೇ ಇಲ್ಲ, ಮೈಯಿಂದಲೇ ಆಹಾರ ಹೀರುತ್ತದೆ.

ಕಿವಿರಿನದ್ದು ಬಹುಶಃ ಮೊನೊಜೀನಿಯ ಎಂಬ ಇನ್ನೊಂದು ವರ್ಗದ ಚಪ್ಪಟೆ ಹುಳ. ಈಗಷ್ಟೇ ಸತ್ತ ಮೀನಿನ ಕಿವಿರಿನ ಒಂದು ಎಳೆ ಕತ್ತರಿಸಿ, ಕೆರೆನೀರಿನ ಹನಿಯೊಂದಿಗೆ ಮೈಕ್ರೋಸ್ಕೋಪಿನಲ್ಲಿ ನೋಡಿ. ಹಿಂತುದಿಯಲ್ಲಿ ಕೊಕ್ಕೆಗಳಿರುತ್ತವೆ. ತಲೆಯ ಕಡೆ 4 ಕಪ್ಪು ಕಣ್ಣುಚುಕ್ಕಿ, ಹಿಂದೆ ಅಂಚಿನಲ್ಲಿ 14 ಸಣ್ಣ ಕೊಕ್ಕೆ ಇದ್ದರೆ ಡ್ಯಾಕ್ಟಿಲೋಗೈರಸ್ ಎಂಬ ಮೊನೊಜೀನಿಯ ಇರಬಹುದು. ಅದು ಮೊಟ್ಟೆ ಇಡುತ್ತದೆ. ಕಣ್ಣುಚುಕ್ಕಿ ಇಲ್ಲದೆ 16 ಸಣ್ಣ ಕೊಕ್ಕೆ ಇದ್ದರೆ ಗೈರೊಡ್ಯಾಕ್ಟಿಲಸ್ ಎಂಬ ಇನ್ನೊಂದು ಮೊನೊಜೀನಿಯ. ಇದು ಮರಿ ಹಾಕುತ್ತದೆ. ತಾಯಿಯ ಮೈಯೊಳಗೇ ಮರಿಯ ಕೊಕ್ಕೆಗಳು ಹೊಳೆಯುತ್ತವೆ! ಎಷ್ಟು ಸಲ ನೋಡಿದರೂ ನನಗೆ ಬೆರಗು.

ಕೊಕ್ಕೆ ಇಲ್ಲದೆ ಎರಡು ಹೀರುಬಟ್ಟಲು ಕಂಡರೆ ಟ್ರೆಮಟೋಡ, ಅಂದರೆ ಮತ್ತೊಂದು ವರ್ಗದ ಚಪ್ಪಟೆ ಹುಳ. ಆಗ ಕೆರೆಯ ಬಸವನಹುಳುಗಳನ್ನೂ ನೋಡಬೇಕು, ಅದರ ಮರಿಹುಳ ಬೆಳೆಯುವುದು ಅಲ್ಲೇ ಅಲ್ವಾ.

ಪ್ರಭೇದ ಹೇಳಲು ಕೊಕ್ಕೆಗಳನ್ನು ಅಳೆಯಲೇಬೇಕು, ಮೊಬೈಲ್ ಫೋಟೋ ಸಾಲದು. ಹುಳಗಳನ್ನು ಸ್ಪಿರಿಟ್‌ನಲ್ಲಿಟ್ಟು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ತೋರಿಸಿ. ಮೀನಿನ ಹೆಸರು, ಊರು, ತಾರೀಕು ಬರೆದ ಚೀಟಿ ಶೀಶೆಯೊಳಗೇ ಇರಲಿ. ಪೆನ್ಸಿಲಲ್ಲೇ ಬರೆಯಿರಿ, ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿಬಿಡುತ್ತದೆ.